ಅಂಬರೀಶನೆಂಬ ಟಗರು

ಸುರಪುರದ ಆಚೆ, ಮಣ್ಣಿಗಿಂತ ಕಲ್ಲೇ ಹೆಚ್ಚಿರುವ ಒಂದು ಹಳ್ಳಿಯಲ್ಲಿ ಕುರಿ ಸಾಕಿಕೊಂಡಿರುವ ಅಮಾತೆಪ್ಪನಿಗೆ ಕಬಡ್ಡಿ ಹುಚ್ಚು. ಹುಚ್ಚೆಂದರೆ ಅಂಥಿಂಥದ್ದಲ್ಲ. ಟಿವಿಯಲ್ಲಿ ಲೀಗ್ ಶುರುವಾಯಿತೆಂದರೆ ಸಾಕು, ಕುರಿಗಳನ್ನು ಹೊತ್ತಿಗೆ ಮುಂಚೆಯೇ ದೊಡ್ಡಿಗೆ ಹೊಡೆದು, ಕೈಕಾಲು ಕೂಡ ತೊಳೆಯದೆ ದೇವಿಂದ್ರಪ್ಪನ ಚಹಾದಂಗಡಿಯ ಬೆಂಚು ಹಿಡಿಯುವ ಗಿರಾಕಿ. ಅವನು ಜೀವ ಬಿಡುತ್ತಿದ್ದದ್ದು ಒಬ್ಬನ ಮೇಲೆಯೇ, ಅಂಬರೀಶನ ಮೇಲೆ. ಅದೇ ಸೀಮೆಯ ಕೊಂಕಲ್ ಕಡೆಯ ಹುಡುಗ, ಈಗ ಯಾವುದೋ ದೊಡ್ಡ ಊರಿನ ತಂಡಕ್ಕೆ ರೇಡರ್. ಅವನು ಅಲ್ಲಿ ರೇಡಿಗೆ ಹೋದರೆ ಅಮಾತೆಪ್ಪ ಇಲ್ಲಿ ಉಸಿರು ಬಿಗಿಹಿಡಿಯುತ್ತಿದ್ದ. ಅವನು ಸಿಕ್ಕಿಬಿದ್ದ ದಿನ ಇವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ನಾ ಜ್ವರ ಬಂದು ಬಿದ್ದಾಗ ಸೈತ ನೀವು ಹಿಂಗ ಊಟ ಬಿಟ್ಟಿದ್ದಿಲ್ಲ ನೋಡ್ರಿ," ಎಂದು ಹೆಂಡತಿ ಮಲ್ಲಾಬಾಯಿ ಕಾಲೆಳೆಯುತ್ತಿದ್ದಳು.

ಮಂದೆಯ ಬೀಜದ ಟಗರಿಗೆ ಕುರಿಯವರು ಸಿಕ್ಕಸಿಕ್ಕವರ ಹೆಸರಿಡುವುದಿಲ್ಲ. ಅಮಾತೆಪ್ಪ ತನ್ನ ಟಗರಿಗೆ ಅಂಬರೀಶ ಎಂದೇ ಹೆಸರಿಟ್ಟ. ಅದಕ್ಕಿಂತ ದೊಡ್ಡ ಮರ್ಯಾದೆ ಕೊಡಲು ಅವನ ಹತ್ತಿರ ಮತ್ತೇನಿತ್ತು? ತಾಯಿ ಸತ್ತ ಮರಿ ಅದು. ಮಲ್ಲಾಬಾಯಿ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಬೇರೆಯವರು ಹಗ್ಗ ಹಿಡಿದರೆ ನಾಲ್ಕೂ ಕಾಲು ಊರಿ ನಿಂತುಬಿಡುವ ಮೊಂಡ, ಅಮಾತೆಪ್ಪ "ಅಂಬರೀಶಾ" ಎಂದರೆ ಎಲ್ಲಿದ್ದರೂ ಓಡಿಬಂದು ಅವನ ತೊಡೆಗೆ ಹಣೆ ಒತ್ತಿ ನಿಲ್ಲುತ್ತಿತ್ತು.

ಹೀಗಿರುವಾಗ ಶಹಾಪುರದಲ್ಲಿ ಕಬಡ್ಡಿ ಪಂದ್ಯಾವಳಿ ಇಟ್ಟರು. ಉದ್ಘಾಟನೆಗೆ ಅಂಬರೀಶನೇ ಬರುತ್ತಾನೆಂದು ಬ್ಯಾನರ್ ಬಿತ್ತು. ಅಮಾತೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ ಎದೆ ತಟ್ಟಿಕೊಂಡು ಹೇಳಿದ: "ಟಗರಿನ ತಲಿ ಮ್ಯಾಲ ಅವನ ಕೈ ಇಡಿಸಿ, ಫೋಟೊ ತಗಿಸ್ಕೊಂಡೇ ಬರ್ತೀನಿ. ನಮ್ಮ ಕಡಿ ಹುಡುಗ ಅವ, ಇಲ್ಲ ಅನ್ನೂದಿಲ್ಲ."

"ಅವ್ರೆಲ್ಲ ದೊಡ್ಡವ್ರಾಗ್ಯಾರೋ ಮಾರಾಯ. ಸುಮ್ಮ ಮನ್ಯಾಗ ಇರು," ಎಂದ ದೇವಿಂದ್ರಪ್ಪ. ಕೇಳುವ ಕಿವಿ ಎಲ್ಲಿತ್ತು ಇವನಿಗೆ!

ಟಗರಿಗೆ ಮೈ ತೊಳೆದು, ಕೊಂಬಿಗೆ ಕೆಂಪು ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಗೂಡ್ಸ್ ಆಟೊದಲ್ಲಿ ಶಹಾಪುರಕ್ಕೆ ಒಯ್ದ. ಬೆಳಗಿನಿಂದ ಮೈದಾನದ ಗೇಟಿನಲ್ಲಿ ನಿಂತ. ಬಿಸಿಲು ನೆತ್ತಿಗೇರಿದ ಮೇಲೆ ಕಾರು ಬಂತು. ಅಂಬರೀಶ ಇಳಿದ, ಕಣ್ಣಿಗೆ ಕರಿ ಕನ್ನಡಕ, ಕಿವಿಗೆ ಫೋನು. ಪುಢಾರಿಗಳು ಹಾಕಿದ ಹಾರವನ್ನು ನೋಡದೆಯೇ ತೆಗೆದು ಹಿಂದಿನವನ ಕೈಗೆ ಕೊಡುತ್ತ, ಮುಖದಲ್ಲಿ ಒಂದು ನಗೆಯೂ ಇಲ್ಲದೆ ನಡೆದ. ಇಷ್ಟು ದೂರದಿಂದ ಬಂದ ಮಂದಿ, ಒಂದು ಸಲ ಕೈಯೆತ್ತಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಅಮಾತೆಪ್ಪ ಜನರ ನಡುವೆ ನುಗ್ಗಿದ. ನೂಕಿನಲ್ಲಿ ಟಗರಿನ ಹಗ್ಗ ಕೈತಪ್ಪಿ ಅದು ಹಿಂದುಳಿಯಿತು. "ಅಂಬರೀಶಪ್ಪ, ನಾ ಸುರಪುರ ಕಡಿಯಾವ. ನನ್ನ ಟಗರಿಗೆ ನಿನ್ನ ಹೆಸರೇ ಇಟ್ಟೀನಿ. ಒಂದೀಟು ತಲಿ ಮ್ಯಾಲ ಕೈ ಇಡಪಾ."

ಮಾರುದೂರದಲ್ಲೇ ಹಾದುಹೋಗುತ್ತಿದ್ದವನು ತಿರುಗಲಿಲ್ಲ. ಅಮಾತೆಪ್ಪ ಗಂಟಲು ಹರಿಯುವಂತೆ ಕೂಗಿದ: "ಅಂಬರೀಶಾ!"

ಆಗಲೂ ಅವನು ತಿರುಗಲಿಲ್ಲ. ತಿರುಗಿದ್ದು ಟಗರು. ಗೆಜ್ಜೆ ಝಲ್ಲೆನಿಸಿ ಬಂದು ಅಮಾತೆಪ್ಪನ ತೊಡೆಗೆ ಹಣೆ ಒತ್ತಿ ನಿಂತಿತು.

"ಹೋಗ್ಲಿ ಬಿಡು ಕಾಕಾ, ಕರದದ್ದಕ್ಕ ಒಬ್ಬರರೆ ಬಂದ್ರಲ್ಲ," ಎಂದ ಯಾರೋ ಒಬ್ಬ. ಗೇಟಿಗೆ ಗೇಟೇ ಬಿದ್ದು ಬಿದ್ದು ನಕ್ಕಿತು. ಅಂಬರೀಶನಿಗೆಂದು ಎತ್ತಿದ್ದ ಮೊಬೈಲುಗಳಲ್ಲಿ ಎಲ್ಲವೂ ಸೆರೆಯಾಗಿತ್ತು. ಅಮಾತೆಪ್ಪನಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಮೈದಾನ ದಾಟುವುದರೊಳಗೆ ದೇವಿಂದ್ರಪ್ಪನ ಫೋನು: "ವಿಡಿಯೊ ಬಂತೋ. ಇಲ್ಲಿ ಎಲ್ಲರೂ ನಗಾಕತ್ಯಾರ."

ಅಮಾತೆಪ್ಪನ ಸಿಟ್ಟು ಯಾರ ಮೇಲೆ ಹೋಗಬೇಕಿತ್ತು? ಆ ಕನ್ನಡಕದವನ ಮೇಲೆ. ಅವನು ಕೈಗೆ ಸಿಗುವ ಆಸಾಮಿಯೇ? ಕೈಯಲ್ಲಿ ಇದ್ದದ್ದು ಟಗರಿನ ಹಗ್ಗ.

ಸುರಪುರದ ರಸ್ತೆಗೆ ಕುರಿ ವ್ಯಾಪಾರಿ ಫಕ್ರುದ್ದೀನನ ಗಾಡಿ ನಿಂತಿತ್ತು, ಹೈದರಾಬಾದಿನ ಕಸಾಯಿಖಾನೆಗೆ ಹೋಗುವ ಲೋಡು. ಈ ಟಗರನ್ನು ಅವನು ಎಷ್ಟೋ ಸಲ ಕೇಳಿ ಬೈಸಿಕೊಂಡಿದ್ದ. ಅಮಾತೆಪ್ಪ ಹಗ್ಗವನ್ನು ಅವನ ಕೈಗೆ ತುರುಕಿದ.

"ಇದು ಬೀಜದ್ದಲ್ಲೇನ್ ಅಮಾತೆಪ್ಪಣ್ಣ? ಸಿಟ್ಟಿನಾಗ ಕೊಡಬ್ಯಾಡ. ಮನ್ಯಾಗ ಒಂದ್ಮಾತು ಕೇಳಿ ಬಾ."

"ಕೇಳೂದೇನದ ಭಾಯ್? ಒಯ್ಯಿ."

ಟಗರು ಒಯ್ಯಿಸಿಕೊಳ್ಳಬೇಕಲ್ಲ! ಇಬ್ಬರು ಎಳೆದರು, ಒಬ್ಬ ಹಿಂದಿನಿಂದ ದಬ್ಬಿದ. ಮೊಂಡ ಕಾಲೂರಿದ್ದು ಊರಿದ ಹಾಗೇ. "ನೀನೇ ಕರಿಯಪಾ," ಎಂದು ಫಕ್ರುದ್ದೀನ ಬೆವರೊರೆಸಿಕೊಂಡ.

ಅಮಾತೆಪ್ಪ ಗಾಡಿ ಹತ್ತಿ, ಒಳಗೆ ನಿಂತು, "ಅಂಬರೀಶಾ" ಎಂದ. ಟಗರು ಒಂದೇ ನೆಗೆತಕ್ಕೆ ಮೇಲೆ ಬಂದು ತೊಡೆಗೆ ಹಣೆ ಒತ್ತಿತು. ಅವನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಹಿಡಿದುಕೊಂಡು ಕೆಳಗಿಳಿದುಬಿಡಬೇಕು ಅನಿಸಿತು, ಖರೆ. ಆದರೆ ಎದುರಿನ ಹೋಟೆಲಿನ ಜನ ಇವನನ್ನು ಗುರುತು ಹಿಡಿದು ಮೊಬೈಲು ತೋರಿಸಿಕೊಳ್ಳುತ್ತಿದ್ದರು. ಕೊಟ್ಟ ಟಗರನ್ನು ವಾಪಸು ಇಳಿಸಿದರೆ ಇನ್ನೊಮ್ಮೆ ನಗುತ್ತಾರೆ. ಅಷ್ಟಕ್ಕೇ ಅಂಜಿ ಅವನು ಒಬ್ಬನೇ ಜಿಗಿದ. ಚಿಲಕ ಬಿತ್ತು.

ಮನೆಗೆ ಬಂದಾಗ ಮಲ್ಲಾಬಾಯಿ ಬಾಗಿಲಲ್ಲೇ ನಗುತ್ತ ನಿಂತಿದ್ದಳು. "ವಿಡಿಯೊ ನಾನೂ ನೋಡಿದೆ. ಅವ ನೋಡದಿದ್ರ ಹಾಳಾಗಿ ಹೋಗ್ಲಿ ಬಿಡ್ರಿ. ನಮ್ಮದು ಹೆಂಗ ಓಡಿ ಬಂತು. ನಂಗ ಭಾಳ ಛಲೋ ಅನಿಸ್ತು. ಎಲ್ಲದ ಅದು?"

"ಫಕ್ರುದ್ದೀನಗ ಕೊಟ್ಟೆ."

ಅವಳು ನಂಬಲಿಲ್ಲ. ಅವನ ಹಿಂದೆ ರಸ್ತೆಯ ತನಕ ನೋಡಿದಳು. ನೋಡಿ, ಹೊಸ್ತಿಲ ಮೇಲೆ ಕೂತುಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, "ಹೆಂಗ ಹತ್ತಿಸಿದ್ರಿ ಗಾಡಿ? ಅದು ಮಂದಿ ಹಿಂದ ಹೋಗೂದಲ್ಲ."

"ನಾಕ್ ಮಂದಿ ಎಳದ್ರು," ಎಂದ ಅಮಾತೆಪ್ಪ.

"ಭಾಳ ಒದ್ದಾಡಿರಬೇಕು."

"ಹೂಂ. ಒದ್ದಾಡಿತು."

ತಾನು ಕರೆದೆ, ಅದು ಬಂತು ಎಂದು ಅವಳ ಮುಂದೆ ಹೇಳಲು ಅವನಿಗೆ ಇವತ್ತಿನವರೆಗೂ ಬಾಯಿ ಬಂದಿಲ್ಲ.