ರೇಡಿಯೋ ಮೇಲಿನ ಬದನೆ ಬೀಜ

ಕೊಕ್ಕರ್ಣೆಯ ಗುಲಾಬಿಯ ಕೈಗೆ ಯಾವ ವಸ್ತು ಕೊಟ್ಟರೂ ಮೊದಲು ಅದನ್ನು ತಿರುಗಿಸಿ ಅಡಿ ನೋಡುತ್ತಾಳೆ. ರೇಡಿಯೋ ಆದರೂ ಅಷ್ಟೇ, ಸಸಿಯ ಟ್ರೇ ಆದರೂ ಅಷ್ಟೇ, ಮದುವೆ ಮನೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿ ಆದರೂ ಅಷ್ಟೇ. ಎಲ್ಲಾದರೂ ಒಂದು ಸ್ಕ್ರೂ ಕಂಡಿತೋ, ಅವಳ ಕೈ ಸುಮ್ಮನಿರುವುದಿಲ್ಲ. ಐವತ್ತೇಳು ವರ್ಷವಾಯಿತು, ಈ ಚಾಳಿ ಇನ್ನು ಹೋಗುವುದಲ್ಲ ಎಂದು ಗಂಡ ಶೇಖರ ಯಾವತ್ತೋ ಆಸೆ ಬಿಟ್ಟಿದ್ದಾನೆ.

ಮನೆಯ ಬಲಬದಿಗೆ ಅವಳ ಹಸಿರುಮನೆ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಸಾಲು ಸಾಲು ಟ್ರೇ, ಟ್ರೇಯ ಗುಳಿಗಳಲ್ಲಿ ತೆಂಗಿನ ನಾರಿನ ಪುಡಿ, ಅದರಲ್ಲಿ ಬದನೆ, ಮೆಣಸು, ಹೀರೆ, ಸೌತೆಯ ಸಸಿಗಳು. ಬ್ರಹ್ಮಾವರ, ಬಾರ್ಕೂರು ಕಡೆಯ ಜನ ಬಂದು ಒಯ್ಯುತ್ತಾರೆ. ಹಸಿರುಮನೆಯ ತುದಿಗೆ ಅಂಟಿಕೊಂಡೇ ಒಂದು ಹೆಂಚಿನ ಕೋಣೆ. ಅಲ್ಲಿ ಹಳೆಯ ವಾಲ್ವ್ ರೇಡಿಯೋ, ಟೇಪ್ ರೆಕಾರ್ಡರ್, ಮರದ ಪೆಟ್ಟಿಗೆಯ ಟಿವಿಗಳು ರಿಪೇರಿಗೆ ಬಂದು ಕೂತಿರುತ್ತವೆ. ಸಸಿಗೆ ತೇವ ಬೇಕು, ರೇಡಿಯೋಗೆ ತೇವ ಕಂಡರಾಗದು. ಎರಡರ ನಡುವೆ ಇರುವುದು ಒಂದೇ ಬಾಗಿಲು. ಅದನ್ನು ಯಾರಾದರೂ ತೆರೆದಿಟ್ಟು ಬಂದರೆ ಗುಲಾಬಿಯ ಬಾಯಿಗೆ ಬಿದ್ದರೆಂದೇ ಲೆಕ್ಕ. ಬೆಳಿಗ್ಗೆ ಸಸಿಗೆ ನೀರು, ಕೈ ಪೂರ್ತಿ ಒಣಗಿದ ಮೇಲೆ ರೇಡಿಯೋ. ಒದ್ದೆ ಕೈಯಲ್ಲಿ ಒಮ್ಮೆ ಶಾಕ್ ತಿಂದದ್ದು ಈ ಜನ್ಮಕ್ಕೆ ಸಾಕು ಎನ್ನುತ್ತಾಳೆ.

ರಿಪೇರಿ ಕಲಿತದ್ದು ಮುಂಬೈಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಅಕ್ಕನ ಬಾಣಂತನಕ್ಕೆಂದು ಹೋದವಳು, ಅಕ್ಕನ ಮಗು ನಡೆಯಲು ಕಲಿತರೂ ವಾಪಸ್ ಬರಲಿಲ್ಲ. ಹತ್ತಿರದಲ್ಲೇ ರೇಡಿಯೋ ಜೋಡಿಸುವ ಒಂದು ಸಣ್ಣ ಕಾರ್ಖಾನೆ ಇತ್ತು. ಉದ್ದ ಮೇಜಿನ ಎರಡೂ ಬದಿಗೆ ಹೆಂಗಸರು ಕೂತು ತಂತಿ ಬೆಸೆಯುತ್ತಿದ್ದರು. ಗುಲಾಬಿ ಅಲ್ಲಿ ಒಂಬತ್ತು ವರ್ಷ ಕೂತಳು. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಅಳುತ್ತಿದ್ದರೆ ಇವಳು ತನ್ನ ಚಿಮಟವನ್ನು ಸೆರಗಿಗೆ ಕಟ್ಟಿಕೊಂಡು ಬಂದಳು. ಈಗಲೂ ಅದೇ ಚಿಮಟದಲ್ಲಿ ಬೆಳಿಗ್ಗೆ ಸಸಿ ಕೀಳುತ್ತಾಳೆ, ಮಧ್ಯಾಹ್ನ ತಂತಿ ಹಿಡಿಯುತ್ತಾಳೆ.

ಅವಳ ಕೆಲಸಕ್ಕೊಂದು ಕ್ರಮವಿದೆ. ರಿಪೇರಿಯಾದ ರೇಡಿಯೋವನ್ನು ಕೂಡಲೇ ಕೊಡುವುದಿಲ್ಲ. ಮೂರು ದಿನ, ದಿನಕ್ಕೆ ಎಂಟು ಗಂಟೆ ಹಾಡಿಸುತ್ತಾಳೆ. ಒಳಗೆ ಬೇನೆ ಉಳಿದಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಕಳೆದ ವರ್ಷ ಹೀಗೆ ಹಾಡಲು ಬಿಟ್ಟ ವಾಲ್ವ್ ರೇಡಿಯೋದ ಮೇಲಿನ ಹಲಗೆಯಲ್ಲಿ, ಹಸಿರುಮನೆಯಲ್ಲಿ ಜಾಗ ಸಾಲದೆ, ಮೆಣಸಿನ ಬೀಜದ ಟ್ರೇ ಇಟ್ಟಿದ್ದಳು. ಹೊರಗಿನ ಟ್ರೇಗಳು ಹತ್ತು ದಿನ ತೆಗೆದುಕೊಂಡರೆ ಅದು ಆರನೇ ದಿನಕ್ಕೇ ತಲೆ ಎತ್ತಿತು. ಗುಲಾಬಿಗೆ ನಿದ್ದೆ ಹಾರಿಹೋಯಿತು. ಮತ್ತೊಮ್ಮೆ ಇಟ್ಟಳು, ಮತ್ತೆ ಆರೇ ದಿನ. ರೇಡಿಯೋ ಬದಲಿಗೆ ಟ್ರೇಯ ಅಡಿಗೆ ಬಲ್ಬ್ ಉರಿಸಿ ನೋಡಿದಳು. ನಡುವೆ ಸುಟ್ಟು ಅಂಚಿನಲ್ಲಿ ತಣ್ಣಗೆ ಉಳಿಯಿತು. ಹಾಡುವಾಗ ಕಾಯುವ ಗಾಜಿನ ವಾಲ್ವ್‌ಗಳ ಬಿಸಿ ಮರದ ಪೆಟ್ಟಿಗೆಯೊಳಗೆ ಸುತ್ತಿ ಹಲಗೆಗೆಲ್ಲ ಒಂದೇ ಹದದಲ್ಲಿ ಹತ್ತುತ್ತದೆ ಎಂದು ಅರ್ಥ ಮಾಡಿಕೊಂಡಳು. ಆದರೂ ಬಿಸಿ ಒಂದೇ ಹೌದೋ, ಹಾಡಿನದೂ ಏನಾದರೂ ಉಂಟೋ ಎಂಬ ಸಂಶಯ ತಲೆಯ ಮೂಲೆಯಲ್ಲಿ ಉಳಿದೇ ಹೋಯಿತು.

ಈ ವರ್ಷ ಮಳೆ ಸ್ವಲ್ಪ ಇಳಿದ ಸೋಣ ತಿಂಗಳಲ್ಲಿ ಶಿರೂರಿನ ಪ್ರೇಮಾನಂದ ಶೆಟ್ಟರು ಒಂದು ವಾಲ್ವ್ ರೇಡಿಯೋ ತಂದರು. ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ ಈಗ ಊರಿಗೆ ಬಂದವರು. ಮೂರು ಬಸ್ಸು ಬದಲಿಸಿ, ಅಷ್ಟು ಭಾರವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಆ ಕಡೆ ವಾಲ್ವ್ ಸೆಟ್ಟು ಮುಟ್ಟುವವರು ಯಾರೂ ಇಲ್ಲ. "ಇದ್ ನಮ್ ಅಕ್ಕಂದ್, ಬೇಗ ಆಯ್ಕಿತ್" ಎಂದಷ್ಟೇ ಹೇಳಿ ಹೋದರು. ಮನೆಯ ಸುದ್ದಿ ಹೊರಗೆ ಹೇಳುವ ಮನುಷ್ಯರಲ್ಲ. ದೊಡ್ಡ ಕಾಯಿಲೆ ಏನೂ ಇರಲಿಲ್ಲ. ಮರುದಿನವೇ ಗುಲಾಬಿ ಎರಡು ಕೆಪ್ಯಾಸಿಟರ್ ಬದಲಿಸಿ ಅದನ್ನು ಹಾಡಿಸಿದಳು.

ಹೀಗಿರುವಾಗ ಪಕ್ಕದ ಮನೆಯ ಕೊರಗ ಒಂದು ಬಾಟಲಿ ಹಿಡಿದುಕೊಂಡು ಬಂದ. ಅಟ್ಟ ತೆಗೆಸುವಾಗ ಸಿಕ್ಕಿದ್ದು. ಬಾಟಲಿ ತುಂಬ ಬೂದಿ, ಬೂದಿಯೊಳಗೆ ಇಪ್ಪತ್ಮೂರು ಬದನೆ ಬೀಜ. ಅವನ ಮನೆಯಲ್ಲಿ ತಲೆತಲಾಂತರದಿಂದ ಬೆಳೆಯುತ್ತಿದ್ದ ಬಿಳಿ ಬದನೆ. ಒಂಬತ್ತು ವರ್ಷದ ಹಿಂದೆ ಗದ್ದೆಗೆ ನೆರೆ ನುಗ್ಗಿ ಬೇರು ಸಹಿತ ಹೋಗಿತ್ತು. ಆಮೇಲೆ ಅದನ್ನು ಯಾರ ಹಿತ್ತಿಲಲ್ಲೂ ಕಂಡವರಿಲ್ಲ. ಚಿಕ್ಕಂದಿನಲ್ಲಿ ಗುಲಾಬಿ ಅದೇ ಮನೆಯ ಅದೇ ಬದನೆಯ ಹುಳಿ ಉಂಡು ಬೆಳೆದವಳು.

"ನೀ ಎಂತೆಂತದ್ದನ್ನೋ ಎಬ್ಸಿ ಕೂರ್ಸ್ತೆ, ಇದನ್ನೊಂದ್ ಎಬ್ಸ್ ಕಾಂಬ" ಎಂದ ಕೊರಗ. "ಒಂದ್ ಗಿಡ ಎದ್ರೂ ಸಾಕ್."

ಗುಲಾಬಿ ಒಂದು ಬೀಜವನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಹೊರಗಿನಿಂದ ಎಲ್ಲ ಸರಿ ಇತ್ತು. ಹಾಳಾದ ಕೆಪ್ಯಾಸಿಟರೂ ಹೊರಗಿನಿಂದ ಹಾಗೆಯೇ ಕಾಣುತ್ತದೆ, ಆದರೆ ಅದಕ್ಕೆ ಮೀಟರು ಹಿಡಿದರೆ ಜೀವ ಇದೆಯೋ ಇಲ್ಲವೋ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಬೀಜಕ್ಕೆ ಹಿಡಿಯುವ ಮೀಟರು ಇಲ್ಲ. ಒಡೆದು ನೋಡಿದರೆ ಗೊತ್ತಾದೀತು, ಆದರೆ ಆಗ ಬೀಜವೇ ಇರುವುದಿಲ್ಲ. ಜೀವಮಾನವೆಲ್ಲ ಬಿಚ್ಚಿ ನೋಡಿಯೇ ತಿಳಿದುಕೊಂಡವಳಿಗೆ ಇದೊಂದು ಹೊಸ ಕಷ್ಟ. ಕೊನೆಗೆ ಇಪ್ಪತ್ಮೂರನ್ನೂ ನೆನೆಸಿ, ಟ್ರೇಗೆ ಹಾಕಿ, ಶೆಟ್ಟರ ರೇಡಿಯೋದ ಮೇಲಿನ ಹಲಗೆಯಲ್ಲಿ ಇಟ್ಟಳು.

ಎರಡೇ ದಿನಕ್ಕೆ, ರೇಡಿಯೋ ಆ ದಿನದ ಹಾಡು ಮುಗಿಸಿದ ಹೊತ್ತಿಗೆ, ಶೆಟ್ಟರು ಬಂದರು.

"ಹ್ವಾಯ್ ಗುಲಾಬಿ, ಆಯ್ತಾ?"

ಬಾಗಿಲಿಗೆ ಅಡ್ಡ ನಿಂತು ಗುಲಾಬಿ ಹೇಳಿದಳು, "ಇಲ್ಲೆ ಶೆಟ್ರೆ. ಒಂದ್ ವಾಲ್ವ್ ಮುಂಬೈಯಿಂದ ಬರ್ಕ್. ಇನ್ನೊಂದ್ ವಾರ ಬಿಟ್ಕಂಡ್ ಬನ್ನಿ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ರಿಪೇರಿಯ ವಿಷಯದಲ್ಲಿ ಅವಳು ಅದುವರೆಗೆ ಯಾರಿಗೂ ಸುಳ್ಳು ಹೇಳಿದವಳಲ್ಲ. ಆಗದ್ದನ್ನು ಆಗುವುದಿಲ್ಲ ಎಂದು ಮುಖಕ್ಕೇ ಹೇಳಿ ಕಳುಹಿಸುವವಳು. ಆದರೆ ಇನ್ನೊಂದು ವಾಲ್ವ್ ಸೆಟ್ಟು ಕೋಣೆಯಲ್ಲಿ ಇರಲಿಲ್ಲ, ಉಳಿದದ್ದೆಲ್ಲ ಎಷ್ಟು ಹಾಡಿದರೂ ಬೆಚ್ಚಗಾಗದ ಟ್ರಾನ್ಸಿಸ್ಟರುಗಳು. ಬೇರೆ ಉಪಾಯ ಹುಡುಕಬಹುದಿತ್ತು. ಹುಡುಕಲಿಲ್ಲ. ಶುರು ಮಾಡಿದ್ದನ್ನು ನಡುವೆ ಬದಲಿಸಿದರೆ ಬೀಜ ಮುನಿಸಿಕೊಳ್ಳುತ್ತದೆ ಎಂಬಂತೆ ಹಠ ಹಿಡಿದು ಕೂತಳು.

ವಾರ ಕಳೆದು ಶೆಟ್ಟರು ಮತ್ತೆ ಬಂದರು. ಆ ದಿನ ಗುಲಾಬಿ ರೇಡಿಯೋ ಆರಿಸಿಟ್ಟಿದ್ದಳು. ವಾಲ್ವ್ ಇನ್ನೂ ಮುಂಬೈಯಿಂದ ಹೊರಟಿರಲಿಲ್ಲ. ಪಾಪ, ಒಂದು ಲೋಟ ನೀರು ಕುಡಿದು ಹಾಗೆಯೇ ಬಸ್ಸು ಹತ್ತಿದರು. "ನೀ ಮಾಡುದ್ ಸಮಾ ಅಲ್ಲ" ಎಂದು ಶೇಖರ ಗೊಣಗಿದ. ಅವಳು ಟ್ರೇಗೆ ಬಗ್ಗಿ ನೋಡಿದಳು. ಟ್ರೇಯಲ್ಲಿ ಹುಲ್ಲಿನ ಎಳೆಯೂ ಎದ್ದಿರಲಿಲ್ಲ.

ಮೂರನೆಯ ಸಲ ಶೆಟ್ಟರು ಹೇಳದೆ ಕೇಳದೆ ಬಂದರು. ರಸ್ತೆಯಿಂದ ಇಳಿಯುವಾಗಲೇ ರೇಡಿಯೋ ಕೇಳಿಸಿತು. ಚಿಕ್ಕಂದಿನಿಂದ ಕೇಳಿದ ದನಿ, ಗುರುತು ಸಿಗದೆ ಇರುತ್ತದೆಯೇ. ಒಳಗೆ ಬಂದು ನೋಡಿದರೆ ಹಲಗೆಯಡಿ ಅವರ ರೇಡಿಯೋ ಹಳದಿ ದೀಪ ಹೊತ್ತಿಸಿಕೊಂಡು ಹಾಡುತ್ತಿದೆ, ಪಕ್ಕದಲ್ಲಿ ಗುಲಾಬಿ ಟ್ರೇಗೆ ಬಗ್ಗಿ ನಿಂತಿದ್ದಾಳೆ.

"ಇದ್ ಯಾವತ್ತ್ ಸಮಾ ಆದ್?"

"ನೀವ್ ತಂದ್ ಮರ್ದಿನವೇ" ಎಂದಳು ಗುಲಾಬಿ. ಇನ್ನೊಂದು ಸುಳ್ಳಿಗೆ ಅವಳಲ್ಲಿ ಬಲವಿರಲಿಲ್ಲ.

ಶೆಟ್ಟರು ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಛತ್ರಿ ಮಡಚಿದರು. "ನಮ್ ಸರೋಜಕ್ಕನಿಗ್ ಕಣ್ಣ್ ಹೋಯಿ ಎರಡ್ ವರ್ಷ ಆಯ್ತ್. ಬೆಳಿಗ್ಗೆ ಪ್ರದೇಶ ಸಮಾಚಾರ ಕೇಂಡ್ರೆ ಮಾತ್ರ ಅವ್ರಿಗ್ ಬೆಳಗಾಯ್ತ್ ಅಂದೇಳಿ ಲೆಕ್ಕ. ಮೊಬೈಲಂಗ್ ಹಾಕ್ ಕೊಟ್ರೆ ಬ್ಯಾಡ, ಅವ್ರೇ ಗುಂಡಿ ತಿರ್ಗ್ಸುಕ್ ಬೇಕ್. ಹದಿನೆಂಟ್ ದಿನ ಆಯ್ತ್, ದಿನಾ ಕೇಂತ್ರ್, ಬಂತಾ ಬಂತಾ ಅಂದೇಳಿ."

ಗುಲಾಬಿಯ ಮುಖ ಇಳಿದುಹೋಯಿತು. ಈ ರೇಡಿಯೋದ ಆ ತುದಿಯಲ್ಲಿ ಒಬ್ಬ ಹೆಂಗಸು ಕತ್ತಲಲ್ಲಿ ಕಾಯುತ್ತಾ ಕೂತಿರಬಹುದು ಎಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ಎಲ್ಲದರ ಒಳಗೆ ಇಣುಕುವವಳು ಇದೊಂದನ್ನು ಕೇಳಲೇ ಇಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಟ್ರೇ ತೆಗೆದು ಕೆಳಗಿಟ್ಟಳು, ರೇಡಿಯೋ ಆರಿಸಿದಳು. "ತಪ್ಪಾಯ್ತ್ ಶೆಟ್ರೆ. ತಕಂಡ್ ಹೋಗಿ" ಎಂದಳು.

"ಆ ಟ್ರೇಲಿ ಎಂತ ಇಪ್ಪುದ್?" ಎಂದು ಶೆಟ್ಟರು ಕೇಳಿದರು. ಗುಲಾಬಿ ಬಾಟಲಿ, ಬೂದಿ, ಬದನೆ ಎಲ್ಲವನ್ನೂ ಹೇಳಿದಳು. ಅವರು ಅಕ್ಕನಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ರೇಡಿಯೋ ಸಿಕ್ಕಿತು ಎಂದ ಕೂಡಲೇ ಅತ್ತಲಿಂದ ಸರೋಜಕ್ಕ ಕೇಳಿದ್ದು, "ಎಂತ ಆಯಿದ್ದಿತ್ ಅದ್ಕೆ?" ಶೆಟ್ಟರು ಬೇಕಿದ್ದರೆ ಮುಚ್ಚಿಹಾಕಬಹುದಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅತ್ತಲಿಂದ ಸರೋಜಕ್ಕನ ದನಿ ಬಂತು.

"ಆ ಹೆಣ್ಣಿನ ಕೈಗ್ ಕೊಡ್ ಫೋನ್."

ಬೈಗುಳಕ್ಕೆ ತಯಾರಾಗಿಯೇ ಗುಲಾಬಿ ಫೋನು ತೆಗೆದುಕೊಂಡಳು.

"ಹೆಣೆ, ಎಷ್ಟ್ ಬಿಸಿ ಬೇಕ್ ಆ ಬೀಜಕ್ಕೆ?"

"ಕಾವಿಗ್ ಕೂತ ಕೋಳಿ ಅಡಿಗ್ ಕೈ ಹಾಕ್ರೆ ಹ್ಯಾಂಗಿರತ್ತೋ, ಅಷ್ಟ್ ಸಾಕ್ ಅಕ್ಕ."

"ನನ್ ರೇಡಿಯೋ ಅಷ್ಟ್ ಬೆಚ್ಚಗಿರತ್ತಾ? ಇಷ್ಟ್ ವರ್ಷ ಆಯ್ತ್, ನಂಗ್ ಗೊತ್ತೇ ಇಲ್ಲ." ಆಮೇಲೆ ದನಿ ಗಟ್ಟಿಯಾಯಿತು. "ನೀ ಮಾಡದ್ದ್ ತಪ್ಪೇ. ಹದಿನೆಂಟ್ ದಿನ ನಾ ಸುಮ್ನೆ ಕೂಕಂಡಿದ್ದೆ. ಆದ್ರೆ ಬೀಜ ಎಂತ ತಪ್ ಮಾಡಿತ್? ಎರಡನ್ನೂ ತಕಂಡ್ ಬಾ."

ಅದೇ ಮಧ್ಯಾಹ್ನ ಇಬ್ಬರೂ ಹೊರಟರು. ಬ್ರಹ್ಮಾವರ, ಕುಂದಾಪುರ ದಾಟಿ ಶಿರೂರಿನವರೆಗೂ ಶೆಟ್ಟರ ತೊಡೆಯ ಮೇಲೆ ರೇಡಿಯೋ, ಗುಲಾಬಿಯ ತೊಡೆಯ ಮೇಲೆ ಟ್ರೇ. "ಬರೀ ಮಣ್ಣ್ ತಕಂಡ್ ಎಲ್ಲಿಗ್ ಹೋತ್ರಿ ಅಕ್ಕ?" ಎಂದು ಕಂಡಕ್ಟರ್ ಕೇಳಿದ. "ಒಳ್ಗ್ ಎಂತ ಇತ್ ಅಂದೇಳಿ ನಂಗೂ ಗೊತ್ತಿಲ್ಲ ಮರಾಯಾ" ಎಂದಳು.

ಸರೋಜಕ್ಕನ ಕೋಣೆಯಲ್ಲಿ ಇಟ್ಟಿಗೆ ಜೋಡಿಸಿ, ರೇಡಿಯೋಗೆ ತಾಗದ ಹಾಗೆ ಹಲಗೆ ಇಟ್ಟು, ಹನಿ ಇಳಿಯದಂತೆ ಹರಿವಾಣದಲ್ಲಿ ಟ್ರೇ ಕೂರಿಸಿದಳು. ನೀರು ಹಾಕುವಾಗ ಟ್ರೇ ಕೆಳಗಿಳಿಸಬೇಕು, ಚಮಚೆಯಲ್ಲೇ ಹಾಕಬೇಕು ಎಂದು ಶೆಟ್ಟರಿಗೆ ಎರಡೆರಡು ಸಲ ಹೇಳಿದಳು. ಸರೋಜಕ್ಕ ಗುಂಡಿ ತಿರುಗಿಸಿ ಸ್ಟೇಷನ್ನು ಹಿಡಿದರು. ಮುಖ ಅರಳಿತು. ಆಮೇಲೆ ಕೈ ಮೇಲಕ್ಕೆ ಹೋಯಿತು.

"ನಾ ಮುಟ್ಟುಕಾತ್ತಾ?"

"ಮೆಲ್ಲ ಮುಟ್ಟಿ ಅಕ್ಕ, ಒತ್ತುಕಾಗ."

ಊರಿಗೆ ಬಂದ ಗುಲಾಬಿಯ ಕೈಗೆ ಕೆಲಸ ಹತ್ತಲಿಲ್ಲ. ಒಂದು ಟೇಪ್ ರೆಕಾರ್ಡರಿನ ತಂತಿಯನ್ನು ಎರಡು ಸಲ ತಪ್ಪು ಜಾಗಕ್ಕೆ ಬೆಸೆದಳು. ಕೊರಗ ದಿನಾ ಬೇಲಿಯ ಆಚೆ ನಿಂತು ಕತ್ತು ಉದ್ದ ಮಾಡುತ್ತಿದ್ದ. ತಾಜಾ ಬದನೆ ಬೀಜವಾಗಿದ್ದರೆ ವಾರದಲ್ಲಿ ಏಳಬೇಕಿತ್ತು. ಇದಕ್ಕೆ ಇಪ್ಪತ್ತು ದಿನ ಆಗಿತ್ತು. ಇನ್ನೇನು ಬರುತ್ತದೆ ಎಂದು ಅವಳೂ ಒಳಗೊಳಗೇ ಕೈಬಿಟ್ಟಿದ್ದಳು, ಬಾಯಿಬಿಟ್ಟು ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಇಪ್ಪತ್ತೊಂದನೆಯ ಬೆಳಿಗ್ಗೆ ಹಸಿರುಮನೆಯಲ್ಲಿ ನೀರು ಹಾಕುತ್ತಿರುವಾಗ ಫೋನು ಬಂತು. ಸರೋಜಕ್ಕ. ಒಂದೇ ಗುಂಡಿ ಒತ್ತಿದರೆ ಗುಲಾಬಿಗೆ ಹೋಗುವ ಹಾಗೆ ಶೆಟ್ಟರು ಮಾಡಿಟ್ಟಿದ್ದರು.

"ಹೆಣೆ, ಕೈಗ್ ಎಂತದೋ ತಾಗತ್. ಅಂಚಿನ ಸಾಲಂಗೆ. ನಿನ್ನೆ ಇರ್ಲಿಲ್ಲ."

ನಾರಿನ ಎಳೆಯೂ ಇರಬಹುದು. ಗುಲಾಬಿ ಕೇಳಿದಳು, "ನೆಟ್ಟಗಿತ್ತಾ, ಬಗ್ಗಿತ್ತಾ?"

"ಬಗ್ಗಿತ್. ಎರಡ್ ತುದಿಯೂ ಮಣ್ಣೊಳ್ಗೇ ಇತ್. ನಡು ಮಾತ್ರ ಮೇಲ್ ಬಂದಿತ್."

"ಮೆಲ್ಲ ಬೆರಳ್ ತಾಗ್ಸಿ. ಕೈಯೊಟ್ಟಿಗ್ ಎದ್ ಬತ್ತಾ?"

"ಇಲ್ಲೆ. ಹಿಡ್ಕಂಡಿತ್."

ಗುಲಾಬಿ ಅಲ್ಲೇ ಬಕೆಟ್ಟು ಮಗುಚಿ ಕೂತಳು. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲಿಲ್ಲ. ಮೊಳಕೆ ಏಳುವುದೇ ಹಾಗೆ, ಮೊದಲು ಸೊಂಟ, ಆಮೇಲೆ ತಲೆ. ಅದನ್ನು ಅವಳು ಸಾವಿರ ಸಲ ನೋಡಿದ್ದಳು. ಒಬ್ಬರು ಬೆರಳ ತುದಿಯಲ್ಲಿ ನೋಡಿ ಹೇಳಿದ್ದನ್ನು ಕೇಳಿದ್ದು ಮೊದಲ ಸಲ.

"ಸರೋಜಕ್ಕ, ಇನ್ನ್ ಅದ್ಕೆ ಬಿಸಿ ಬ್ಯಾಡ, ಬೆಳಕ್ ಬೇಕ್. ಶೆಟ್ರ ಹತ್ರ ಹೇಳಿ ಕಿಟಕಿ ಹತ್ರ ಇಡ್ಸಿ."

"ಅವ ಪೇಟಿಗ್ ಹೋಯ್ದ. ಕಿಟಕಿ ಎಲ್ಲಿತ್ ಅಂದೇಳಿ ನಂಗ್ ಗೊತ್ತಿಲ್ದಾ? ಬೆಳಿಗ್ಗೆ ಬಿಸ್ಲ್ ಕೆನ್ನಿಗ್ ತಾಗತ್ತಲೆ. ತಡಿ."

ಫೋನು ಎಲ್ಲೋ ಇಟ್ಟ ಸದ್ದಾಯಿತು. ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಅಳೆದಳೆದು ಇಡುವ ಹೆಜ್ಜೆ, ಹರಿವಾಣ ಕಲ್ಲಿಗೆ ತಾಗಿದ ಸದ್ದು, ಕಿಟಕಿಯ ಚಿಲಕ. ಗುಲಾಬಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಇಟ್ಟೆ" ಎಂದರು ಸರೋಜಕ್ಕ, ಏದುಸಿರು ಬಿಡುತ್ತಾ. "ಈಗ ಅದ್ಕೆ ಬೆಳಕ್ ಕಾಣತ್ತಾ?"

"ಕಾಣತ್ ಅಕ್ಕ" ಎಂದಳು ಗುಲಾಬಿ.