ಒದ್ದಿ ಹತ್ತಿ, ಒಣ ಮಾತು

ನಿಜಾಮರ ಕಾಲದಾಗ ಕೊಪ್ಪಳದ ಒಬ್ಬ ಹತ್ತಿ ಸಾವ್ಕಾರನ ಹತ್ರ ನೌಕರಿ ಕೇಳಾಕ ಹೋಗಿದ್ನಿ. "ನನಗ ಮಾಲು ನೋಡಾಕ ಪ್ರಾಮಾಣಿಕ ಮನಷ್ಯಾ ಬೇಕು. ಇದ್ದದ್ದು ಇದ್ದಂಗ ಹೇಳಬೇಕು," ಅಂತ ಅರ್ಧ ತಾಸು ಉಪದೇಶ ಮಾಡಿದ. ಮಠದ ಸ್ವಾಮಿಗೂ ಅಷ್ಟು ಬರೂದಿಲ್ಲ. ಆಮ್ಯಾಲೆ ಮೂಲ್ಯಾಗಿನ ಹತ್ತಿ ರಾಶಿ ತೋರಿಸಿದ.

ಮೊಣಕೈ ಮಟ ಕೈ ಹಾಕಿ ನೋಡಿದ್ನಿ. "ತೂಕ ಬರ್ಲಿ ಅಂತ ನೀರು ಹೊಡದಾರ್ರಿ. ಯಾವ ಕಳ್ಳ ರೈತಂದ್ರಿ ಇದು?"

ಸಾವ್ಕಾರ ಕೆಮ್ಮಿದ. "ನಂದೋ ಮಾರಾಯಾ. ನಾಳೆ ಮಿಲ್ಲಿಗೆ ಹೋಗೋ ಮಾಲು."

ನನ್ನ ಹಿಂದ ನೌಕರಿ ಕೇಳಾಕ ಬಂದಿದ್ದ ತಳಕಲ್ಲ ಊರಿನವ ಒಬ್ಬ ನಿಂತಿದ್ದ. ಅವನೂ ಕೈ ಹಾಕಿದ. ಒದ್ದಿ ಕೈ ಧೋತರಕ್ಕ ಒರಸ್ಕೊಂತ, "ಭಾಳ ಒಣಗೇತ್ರಿ, ಸಾವ್ಕಾರ್ರ," ಅಂದ.

ನೌಕರಿ ಅವಗ ಸಿಕ್ತು. ಪ್ರಾಮಾಣಿಕ ಮನಷ್ಯಾ ಅಂದ್ರ ಹಿಂಗಿರಬೇಕು ನೋಡು ಅಂತ ಸಾವ್ಕಾರ ನನಗ ಬುದ್ಧಿ ಹೇಳಿ ಕಳಿಸಿದ.