ಕೈ ಹೇಗೆ ತೊಳೆದುಕೊಳ್ಳುತ್ತೀರಿ? : ಡಾ. ಸಿತಾರೆಸ್ಮಿ ಅವರ ಮೂವತ್ತೊಂದು ವರ್ಷ

ಜಾವಾದ ಉತ್ತರ ಕರಾವಳಿಯ ಚರ್ಮವೈದ್ಯರ ಸಾಲಿನಲ್ಲಿ ಮಾನ್ಯ ಡಾ. ಸಿತಾರೆಸ್ಮಿ ಅವರಿಗಿಂತ ಹೆಚ್ಚು ಓದಿದವರಿದ್ದಾರೆ, ಹೆಚ್ಚು ಬರೆದವರಿದ್ದಾರೆ, ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿ ದೊಡ್ಡ ಕುರ್ಚಿ ಹಿಡಿದವರೂ ಇದ್ದಾರೆ; ಆದರೆ ಇಸುಬು, ತುರಿಕೆ, ಸೋರಿಯಾಸಿಸ್ ಎಂದು ಬಾಗಿಲಿಗೆ ಬಂದವರನ್ನು ಎಲ್ಲಕ್ಕಿಂತ ಮೊದಲು "ಕೈ ಹೇಗೆ ತೊಳ್ಕೋತೀರಿ?" ಎಂದು ಕೇಳುವ ವೈದ್ಯೆ, ನಾನು ಬಲ್ಲಂತೆ, ಇವರೊಬ್ಬರೇ. ಬಾಟಿಕ್ ಬಟ್ಟೆಯ ಬಣ್ಣಗಾರರ ಈ ಊರಿನಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಅವರು ನಿವೃತ್ತರಾಗುತ್ತಿರುವ ಈ ಶುಭ ಸಂದರ್ಭದಲ್ಲಿ, ಆ ಒಂದು ಪ್ರಶ್ನೆ ಎಲ್ಲಿ ಹುಟ್ಟಿತೆಂದು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ವೈದ್ಯನಲ್ಲ, ವಾರ್ಸಿತೊ ಎಂಬ ಹೆಸರಿನ, ಇಪ್ಪತ್ತೊಂಬತ್ತು ವರ್ಷ ಅವರ ಚೀಟಿ ನೋಡಿ ಮುಲಾಮು ಕಲಸಿದ ಆಸಾಮಿ. ಹೊಗಳಲು ಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಡಾಕ್ಟರಮ್ಮ ಮಾಡಿದ ಒಂದು ತಪ್ಪನ್ನು ಕಣ್ಣಾರೆ ಕಂಡವನು ನಾನೊಬ್ಬನೇ ಎಂದು ಸಂಪಾದಕರು ನನ್ನನ್ನು ಹಿಡಿದಿರಬೇಕು.

ಅವರು ಬಂದ ಕಾಲಕ್ಕೆ ನಮ್ಮಲ್ಲಿ ಮೈ ತುರಿಸಿದರೆ ಸೀಗಡಿ ಬಿಡು, ಮೀನು ಬಿಡು, ಮೊಟ್ಟೆ ಬಿಡು ಎನ್ನುವುದು ಅರ್ಧ ವೈದ್ಯ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಡಬ್ಬಿಯ ಕ್ರೀಮು ಹಚ್ಚುವುದು ಇನ್ನರ್ಧ. ಮೀನಿಲ್ಲದೆ ಮಕ್ಕಳು ಬಡಕಲಾಗುತ್ತಿದ್ದರು. ಹೆಂಗಸರ ಕೆನ್ನೆ ಮೊದಲು ಬೆಳ್ಳಗಾಗಿ ಆಮೇಲೆ ಕೆಂಡದಂತಾಗುತ್ತಿತ್ತು. ಡಾಕ್ಟರಮ್ಮ ಯಾರನ್ನೂ ಗದರಿದವರಲ್ಲ. ಒಣಗಿದ ಚರ್ಮವೆಂದರೆ ಬಿರುಕು ಬಿಟ್ಟ ಗೋಡೆ, ಬಿರುಕಿನಲ್ಲಿ ಏನೇನೋ ನುಗ್ಗಿದಾಗ ಮೈ ಸಿಟ್ಟಿಗೆದ್ದು ಕೆಂಪಾಗುತ್ತದೆ, ಆದ್ದರಿಂದ ಮೊದಲು ಬಿರುಕು ಮೆತ್ತಿ ಎಂದು ಹೇಳಿ, ಮಿಂದ ಮೈ ಆರುವ ಮೊದಲೇ ಜಿಡ್ಡು ಸವರುವುದನ್ನು ತಾಯಂದಿರಿಗೆ ಕಲಿಸಿದರು. ಸ್ಟೀರಾಯ್ಡ್ ಮುಲಾಮನ್ನು ಬೆರಳ ತುದಿಯಷ್ಟು, ಕೆಲವೇ ದಿನ, ಆಮೇಲೆ ನಿಲ್ಲಿಸಿ ಎಂದು ಬರೆಯುತ್ತಿದ್ದರು. ಸೋರಿಯಾಸಿಸ್ ಆದ ಒಬ್ಬ ಗಾಡಿಯವನಿಗೆ ಮನೆಯವರು ತಟ್ಟೆ ಬೇರೆ ಮಾಡಿದ್ದರು. ಡಾಕ್ಟರಮ್ಮ ಆತನ ಹೆಂಡತಿಯ ಎದುರೇ ಅವನ ಮೊಣಕೈಯನ್ನು ಬರಿಗೈಯಲ್ಲಿ ಸವರಿ, ಅವನ ಬುತ್ತಿಯಿಂದ ಒಂದು ತುಂಡು ಕರಿದ ಸೋಯಾ ಟೆಂಪೆ ಎತ್ತಿ ಬಾಯಿಗೆ ಹಾಕಿಕೊಂಡು, "ಉಪ್ಪು ಒಂಚೂರು ಕಮ್ಮಿ" ಎಂದರು. ಅಷ್ಟೇ ಚಿಕಿತ್ಸೆ. ತಟ್ಟೆ ಒಂದಾಯಿತು.

ಇಂಥವರ ಕೈಗೆ ಲೆಗಿನೆಮ್ ಅಕ್ಕ ಸಿಕ್ಕಿದರು. ಮರದ ತೊಗಟೆ ಕುದಿಸಿ ಕಂದು ಬಣ್ಣ ತೆಗೆಯುವುದರಲ್ಲಿ ಅವರಿಗೆ ಸರಿಸಾಟಿ ಯಾರೂ ಇರಲಿಲ್ಲ. ಅವರ ಕಂದನ್ನು ಕತ್ತಲ ಕೋಣೆಯಲ್ಲೂ ಗುರುತಿಸಬಹುದೆಂದು ವ್ಯಾಪಾರಿಗಳು ಹೇಳುತ್ತಿದ್ದರು. ಆ ಎರಡು ಕೈಗಳೂ ಬಿರಿದು, ನೀರು ಒಸರಿ, ಮುಷ್ಟಿ ಕಟ್ಟಲಾಗದೆ ಬಂದರು. ಮುಲಾಮಿಗೆ ವಾಸಿಯಾಯಿತು, ಮರಳಿತು; ಮತ್ತೆ ವಾಸಿಯಾಯಿತು, ಮತ್ತೆ ಮರಳಿತು. ಮೂರನೆಯ ಸಲ ಡಾಕ್ಟರಮ್ಮ ಬೇಸರದಿಂದಲೇ ಹೇಳಿದರು:

"ಅಕ್ಕಾ, ಬಣ್ಣ ನಿಮಗೆ ಆಗಿಬರಲ್ಲ. ಕೈ ಬೇಕೋ, ಬಣ್ಣ ಬೇಕೋ ನೀವೇ ಹೇಳಿ."

"ಎರಡೂ ಒಂದೇ ಅಲ್ವಾ ಡಾಕ್ಟ್ರಮ್ಮಾ?" ಎಂದರು ಲೆಗಿನೆಮ್. ಆದರೂ ಡಾಕ್ಟರ ಮಾತಿಗೆ ಎದುರಾಡದೆ ಬಣ್ಣದ ತೊಟ್ಟಿ ಬಿಟ್ಟು, ಸೊಸೆಯ ಅಂಗಡಿಯಲ್ಲಿ ಬಾಳೆಲೆಗೆ ಅನ್ನ ಕಟ್ಟಲು ಕೂತರು. ಎರಡೇ ತಿಂಗಳಲ್ಲಿ ಕೈ ಬೆಣ್ಣೆಯಂತಾಯಿತು. ನಾವು ಬೀಗಿದೆವು. ಲೆಗಿನೆಮ್ ಮಾತ್ರ ಆ ಚೆಂದದ ಕೈಗಳನ್ನು ಯಾರದೋ ಕೈಗಳಂತೆ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು.

ಏಳು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ನಾನು ಮುಲಾಮು ಕಲಸುತ್ತಾ ಗೊಣಗುತ್ತಿದ್ದಾಗ ಡಾಕ್ಟರಮ್ಮ ಒಳಗೆ ಬಂದರು.

"ಏನಯ್ಯಾ ವಾರ್ಸಿತೊ, ಮುಲಾಮಿಗೇ ಶಾಪ ಹಾಕ್ತಿದೀಯಲ್ಲ?"

"ಬೆಸರ್ ತಿಂಗಳು ಬಂತಲ್ಲ ಡಾಕ್ಟ್ರಮ್ಮಾ, ಊರಿನ ಮದುವೆಯೆಲ್ಲ ಈ ಒಂದು ತಿಂಗಳಲ್ಲೇ. ಪ್ರತಿ ವರ್ಷ ಹಿಂಗೇ, ಕೈ ಮುಲಾಮು ಕೇಳೋರು ಸಾಲುಗಟ್ಟಿ ನಿಲ್ತಾರೆ, ನನ್ನ ತೋಳು ಬಿದ್ದೋಗತ್ತೆ."

"ಯಾಕೆ, ಈ ತಿಂಗಳು ಬಣ್ಣದ ಕೆಲಸ ಜಾಸ್ತೀನಾ?"

"ಎಲ್ಲಿ ಜಾಸ್ತಿ? ಮದುವೆ ಊಟ ಅಂತ ಅರ್ಧ ಜನ ತೊಟ್ಟಿ ಹತ್ರಾನೇ ಸುಳಿಯಲ್ಲ."

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಬಣ್ಣ ಮುಟ್ಟುವುದು ಕಡಿಮೆಯಾದ ತಿಂಗಳಲ್ಲೇ ಕೈಗಳು ಹೆಚ್ಚು ಬಿರಿಯುವುದಾದರೆ ತಪ್ಪು ಬಣ್ಣದ್ದು ಹೇಗಾದೀತು? ಮರುದಿನ ನನ್ನನ್ನೂ ಕರೆದುಕೊಂಡು ಒಂದು ಮದುವೆ ಮನೆಯ ಹಿತ್ತಿಲಿಗೆ ಹೋದರು. ಬಾವಿಕಟ್ಟೆಯ ಸುತ್ತ ಆರು ಮಂದಿ ಬಣ್ಣಗಾತಿಯರು ಕುಕ್ಕರಗಾಲಲ್ಲಿ ಕೂತು, ಬ್ಲೀಚಿಂಗ್ ಪುಡಿಯಲ್ಲಿ ತೆಂಗಿನ ನಾರು ಅದ್ದಿ, ಪಾತ್ರೆ ಉಜ್ಜುವಂತೆ ಕೈ ಉಜ್ಜುತ್ತಿದ್ದರು.

"ಉರಿಯಲ್ವೇನ್ರಮ್ಮಾ?" ಎಂದರು ಡಾಕ್ಟರಮ್ಮ.

"ಉರಿಯದೆ ಏನು! ಆದ್ರೆ ಈ ಕೊಳಕು ಕೈಲಿ ಹಿರಿಯರ ಕೈ ಹಿಡಿದು ಹಣೆಗೊತ್ಕೊಳ್ಳೋಕಾಗತ್ತಾ? ಎಲ್ಲರ ಮುಂದೆ ಅನ್ನ ಕಲಸೋಕಾಗತ್ತಾ?" ಎಂದಳು ಒಬ್ಬಳು.

"ಲೆಗಿನೆಮ್ ಅಕ್ಕಾನೂ ಹಿಂಗೇ ಮಾಡ್ತಿದ್ರಾ?"

"ಅಯ್ಯೋ, ಹೇಳ್ಕೊಟ್ಟಿದ್ದೇ ಅವರು! ಮದುವೆ ಇರ್ಲಿ, ವಾರ ವಾರದ ಪ್ರಾರ್ಥನೆ ಊಟಕ್ಕೂ ಬಿಡ್ತಿರ್ಲಿಲ್ಲ."

ಡಾಕ್ಟರಮ್ಮ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. "ಬಣ್ಣ ಬಿಡಿಸಿದ್ದು ನಾನು. ಬಣ್ಣ ಹೋದ್ಮೇಲೆ ಈ ಪುಡಿ ತಾನಾಗೇ ಹೋಯ್ತು. ಕೈ ವಾಸಿಯಾಗಿದ್ದು ನೋಡಿ ನನ್ನ ಬೆನ್ನು ನಾನೇ ತಟ್ಕೊಂಡೆ. ಹೇಗೆ ತೊಳೀತೀರಿ ಅಂತ ಒಂದು ಮಾತು ಕೇಳಲಿಲ್ಲವಲ್ಲೋ ವಾರ್ಸಿತೊ." ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬೇರೆ ವೈದ್ಯರಾಗಿದ್ದರೆ ವಿಷಯವನ್ನು ಅಲ್ಲಿಗೇ ಮುಚ್ಚಿಡುತ್ತಿದ್ದರೇನೋ. ಇವರು ಬಾವಿಕಟ್ಟೆಯಿಂದ ನೇರವಾಗಿ ಲೆಗಿನೆಮ್ ಅವರ ಸೊಸೆಯ ಅಂಗಡಿಗೆ ನಡೆದು, ಗಿರಾಕಿಗಳ ಎದುರಿನಲ್ಲೇ, "ಅಕ್ಕಾ, ನಾನು ನಿಮಗೆ ತಪ್ಪು ಹೇಳಿದೆ" ಎಂದರು. ಎಲ್ಲವನ್ನೂ ಕೇಳಿದ ಲೆಗಿನೆಮ್ ಕಟ್ಟುತ್ತಿದ್ದ ಪೊಟ್ಟಣವನ್ನು ಕೆಳಗಿಡಲಿಲ್ಲ. "ಏಳು ತಿಂಗಳು ಅನ್ನ ಕಟ್ಟಿದೀನಿ ಡಾಕ್ಟ್ರಮ್ಮಾ. ಗಂಟು ಸಡಿಲ ಅಂತ ದಿನಾ ಇವಳ ಕೈಲಿ ಬೈಸ್ಕೊಂಡಿದೀನಿ. ಇದನ್ನ ಒಂಚೂರು ಮುಂಚೆ ಹೇಳೋಕೇನಾಗಿತ್ತು?" ಎಂದು ನಕ್ಕರು, ನಗುತ್ತಲೇ ಅತ್ತರು.

ಈ ಸಲ ಅವಸರವಿರಲಿಲ್ಲ. ತೊಗಟೆಯ ಬಣ್ಣವನ್ನು ಲೆಗಿನೆಮ್ ಅವರ ಒಳತೋಳಿಗೆ ಹಚ್ಚಿ ಐದು ದಿನ ಕಾದರು, ಚರ್ಮ ಸುಮ್ಮನಿತ್ತು. ಕೆಲಸಕ್ಕೆ ಮುಂಚೆ ಕೊಬ್ಬರಿ ಎಣ್ಣೆ, ಕೆಲಸವಾದ ಮೇಲೆ ಎಣ್ಣೆಯಿಂದಲೇ ಒರೆಸಿ ಮೆತ್ತನೆಯ ಸೋಪು, ಆಮೇಲೆ ಜಿಡ್ಡು; ಬ್ಲೀಚಿಂಗ್ ಪುಡಿಯ ಸುದ್ದಿಯೇ ಬೇಡ ಎಂದು ಕಟ್ಟಪ್ಪಣೆ ಮಾಡಿ ತೊಟ್ಟಿಗೆ ಕಳಿಸಿದರು.

"ಎಲ್ಲಾ ಸರಿ, ಮದುವೆ ಮನೇಲಿ ಈ ಕೈ ಎಲ್ಲಿಡ್ಲಿ? ಶಾಲಿನೊಳಗಾ?" ಎಂದು ಕೇಳಿದರು ಲೆಗಿನೆಮ್.

ಉತ್ತರ ಸಿಕ್ಕಿದ್ದು ಆ ತಿಂಗಳ ಕೊನೆಯ ಮದುವೆಯಲ್ಲಿ. ಮದುಮಗ ನಾನೇ. ಡಾಕ್ಟರೊಬ್ಬರು ನನ್ನ ಮದುವೆಗೆ ಬರುತ್ತಾರೆಂದು ಹೆಣ್ಣಿನ ಕಡೆಯವರ ಮುಂದೆ ಸಾಕಷ್ಟು ಜಂಬ ಕೊಚ್ಚಿದ್ದೆ. ಬಂದರು, ರೇಷ್ಮೆಯ ರವಿಕೆ, ಮುಡಿಗೆ ಮಲ್ಲಿಗೆ, ಬಲಗೈ ಮಾತ್ರ ಉಗುರಿನಿಂದ ಮಣಿಕಟ್ಟಿನವರೆಗೆ ಗಾಢ ಕಂದು. ಬೆಳಗಿನಿಂದ ಲೆಗಿನೆಮ್ ಅವರ ತೊಟ್ಟಿಯಲ್ಲಿ ಮತ್ತೆ ಮತ್ತೆ ಅದ್ದಿಕೊಂಡು ಬಂದಿದ್ದರಂತೆ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನನ್ನ ಅತ್ತೆ ಪಿಸುಗುಟ್ಟಿದ್ದು ಇಡೀ ಚಪ್ಪರಕ್ಕೆ ಕೇಳಿಸಿತು: "ಅಳಿಯಂದಿರ ಆಸ್ಪತ್ರೇಲಿ ಸೋಪಿಲ್ವಂತಾ?"

"ಸೋಪಿದೆ ಅಮ್ಮಾ" ಎಂದರು ಡಾಕ್ಟರಮ್ಮ, ಗಟ್ಟಿಯಾಗಿ. "ಇದು ಕೊಳೆ ಅಲ್ಲ, ಬಣ್ಣ. ನೀವು ಉಟ್ಕೊಂಡಿರೋದೂ ಇದನ್ನೇ."

ಅತ್ತೆ ತಮ್ಮ ಕಂದು ಬಾಟಿಕ್ಕನ್ನು ಒಮ್ಮೆ, ಆ ಕೈಯನ್ನು ಒಮ್ಮೆ ನೋಡಿ, ಅನ್ನದ ತಟ್ಟೆಯನ್ನು ಮುಂದೆ ಸರಿಸಿದರು. ಡಾಕ್ಟರಮ್ಮ ಅದೇ ಕೈಯಲ್ಲಿ ಅನ್ನ ಕಲಸಿ ಉಂಡರು. ಕೊನೆಯ ಸಾಲಿನಲ್ಲಿ ಲೆಗಿನೆಮ್ ಶಾಲಿನೊಳಗಿಂದ ಮೆಲ್ಲನೆ ಕೈ ತೆಗೆದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳುವವರೆಲ್ಲ ಆ ಕೆಸರು ಕೈಯನ್ನು ಊಟಕ್ಕೆ ಕೂಡಿಸಿಕೊಂಡಿರುವುದಿಲ್ಲ. ನಮ್ಮ ಊರು ಅದನ್ನು ಕಲಿತದ್ದು ನನ್ನ ಮದುವೆಯ ದಿನ.

ಆಮೇಲಿನ ವರ್ಷಗಳಲ್ಲಿ ಬೆಸರ್ ತಿಂಗಳು ನನ್ನ ತೋಳಿಗೆ ಅಷ್ಟಾಗಿ ನೋವು ಕೊಟ್ಟಿಲ್ಲ. ಬಣ್ಣದ ರಾಸಾಯನಿಕವೇ ನಿಜವಾಗಿ ಆಗಿಬರದವರೂ ಕೆಲವರು ಸಿಕ್ಕರು. ಅವರಿಗೆ ಕೈಗವಸು ಹಾಕಿಸಿದರು, ಕೆಲವರನ್ನು ಬಟ್ಟೆಗೆ ಮೇಣ ಹಚ್ಚುವ ಕೆಲಸಕ್ಕೆ ಬದಲಾಯಿಸಿದರು. ಆದರೆ ಆ ಪ್ರಶ್ನೆ ಕೇಳದೆ ಯಾರಿಗೂ ಕೆಲಸ ಬಿಡಿ ಎನ್ನಲಿಲ್ಲ. ಹೊಸದಾಗಿ ಬಂದ ಕಿರಿಯ ವೈದ್ಯರಿಗೆಲ್ಲ ತಮ್ಮ ತಪ್ಪಿನ ಕಥೆಯನ್ನು ತಾವೇ ಮೊದಲ ಪಾಠವಾಗಿ ಹೇಳುತ್ತಿದ್ದರು.

ಕಳೆದ ವಾರ ಬೀಳ್ಕೊಡುಗೆ ಸಮಾರಂಭಕ್ಕೆ ಎಪ್ಪತ್ತಾರರ ಲೆಗಿನೆಮ್ ಅಕ್ಕ ಬಂದಿದ್ದರು. ಡಾಕ್ಟರಮ್ಮ ಎದ್ದು ಹೋಗಿ ಅವರ ಕೈ ಹಿಡಿದು, ರೂಢಿಬಲದಿಂದ, "ಕೈ ಹೇಗೆ ತೊಳ್ಕೊಂಡ್ರಿ ಅಕ್ಕಾ?" ಎಂದರು.

"ತೊಳೀಲೇ ಇಲ್ಲ. ತೊಟ್ಟಿಯಿಂದ ನೇರ ಬಂದೆ, ಹೊತ್ತಾಗಿತ್ತು."

ಡಾಕ್ಟರಮ್ಮ ತಲೆಬಾಗಿ, ಹಿರಿಯರಿಗೆ ಮಾಡುವಂತೆ, ಆ ಒದ್ದೆ ಕೈಯನ್ನು ಹಣೆಗೆ ಒತ್ತಿಕೊಂಡರು. ಹಣೆಯ ಮೇಲೆ ಕಂದು ಗುರುತು ಮೂಡಿತು. ಸಭೆಯ ಅಧ್ಯಕ್ಷರು ಕರವಸ್ತ್ರ ಚಾಚಿದರು. ಇವರು ಬೇಡವೆಂದು, ಹಾಗೆಯೇ ವೇದಿಕೆ ಹತ್ತಿ ಹಾರ ಹಾಕಿಸಿಕೊಂಡರು.

ನಿವೃತ್ತಿಯ ನಂತರ ಪ್ರತಿ ಬುಧವಾರ ಬಣ್ಣದ ತೊಟ್ಟಿಗಳ ಬಳಿಯೇ ಮಣೆ ಹಾಕಿ ಕೂರುವುದಾಗಿ ಅವರು ಹೇಳಿದ್ದಾರೆ. ಆ ಮಣೆಯ ಮೇಲೆ ಅವರು ನೂರು ಕಾಲ ಆರೋಗ್ಯದಿಂದ ಕೂತಿರಲಿ, ನಮ್ಮ ಕೈಗಳನ್ನು ಹಿಡಿದು ಅದೇ ಪ್ರಶ್ನೆಯನ್ನು ಕೇಳುತ್ತಲೇ ಇರಲಿ ಎಂದು ಮನಸಾರೆ ಹಾರೈಸುತ್ತೇನೆ. ಮುಲಾಮು ಕಲಸಲು ನನ್ನ ತೋಳು ಇನ್ನೂ ಗಟ್ಟಿಯಾಗಿದೆ.